ಸೋಲಾರ್ ಹಾಕಲು ಬಂದವರು ತಾರಸಿಯಿಂದ ಬಿದ್ದರೆ ಹೊಣೆ ಯಾರದು? ಶಿವಮೊಗ್ಗ, ಭದ್ರಾವತಿಯ ಸಣ್ಣ ಸೋಲಾರ್ ಅಂಗಡಿಗಳು ಮತ್ತು ಕಾರ್ಮಿಕ ಕಾನೂನು

ಮನೆ ಮೇಲೆ ಸೋಲಾರ್ ಹಾಕಿಸುವ ವಿಷಯ ಬಂದರೆ ಎರಡು ಬಗೆಯ ಮಾತು ಫೋನಿನಿಂದ ಫೋನಿಗೆ ಓಡಾಡುತ್ತವೆ. ಒಂದು: ಕೆಲಸಕ್ಕೆ ಬಂದವರು ತಾರಸಿಯಿಂದ ಬಿದ್ದರೆ ಹೊಸ ಕಾರ್ಮಿಕ ಕಾನೂನಿನಂತೆ ಮನೆ ಮಾಲೀಕರೇ ಪರಿಹಾರ ಕೊಡಬೇಕು, ಇಲ್ಲವಾದರೆ ಜೈಲು. ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ: ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ಅಂಗಡಿಗೆ ಕಾರ್ಮಿಕ ಕಾನೂನೇ ಇಲ್ಲ, ಆದ್ದರಿಂದ ಬಿದ್ದವರಿಗೆ ಯಾರೂ ಏನೂ ಕೊಡಬೇಕಾಗಿಲ್ಲ.

ಎರಡೂ ತಪ್ಪು. ಮೊದಲನೆಯದು ಮನೆಯವರನ್ನು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿದ ಕುಟುಂಬ ತನಗೆ ಬರಬೇಕಾದ ಹತ್ತಾರು ಲಕ್ಷ ರೂಪಾಯಿಯನ್ನು ಕೇಳದೆಯೇ ಬಿಟ್ಟುಬಿಡುತ್ತದೆ. ಕಾನೂನು ನಿಜವಾಗಿ ಏನು ಹೇಳುತ್ತದೆ, ಅದು ಶಿವಮೊಗ್ಗ ಮತ್ತು ಭದ್ರಾವತಿಯಂಥ ಊರುಗಳ ಸಣ್ಣ ಸೋಲಾರ್ ಅಂಗಡಿಗಳನ್ನು ಹೇಗೆ ಮುಟ್ಟುತ್ತದೆ ಎಂದು ಇಲ್ಲಿ ನೋಡೋಣ.

ಈಗ ಯಾಕೆ ಈ ಮಾತು?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತು. 75,021 ಕೋಟಿ ರೂ. ವೆಚ್ಚ, ಒಂದು ಕೋಟಿ ಮನೆಗಳ ಗುರಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಅಂದರೆ ಗರಿಷ್ಠ 78,000 ರೂ. ಸಬ್ಸಿಡಿ ನೇರ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. 10 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಬೇಡ ಎಂದು ನಿಯಮವೂ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೊದಲಾದ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು.

ಕರ್ನಾಟಕದಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. 2023ರಿಂದ ಗೃಹಜ್ಯೋತಿ ಇರುವುದರಿಂದ 200 ಯೂನಿಟ್ ಒಳಗೆ ಬಳಸುವ ಮನೆಗೆ ಬಿಲ್ಲೇ ಬರುವುದಿಲ್ಲ; ಅವರಿಗೆ ಸೋಲಾರ್ ಯಾಕೆ? ಹಾಗಾಗಿ ಇಲ್ಲಿ ಸೋಲಾರ್ ಅಂಗಡಿಯವರ ಗಿರಾಕಿ ಎಂದರೆ ಹೆಚ್ಚು ವಿದ್ಯುತ್ ಬಳಸುವ ಮನೆ: ಎಸಿ, ಪಂಪು, ಮೇಲೊಂದು ಬಾಡಿಗೆ ಮನೆ ಇರುವವರು. ವಿನೋಬನಗರ, ಗೋಪಾಳ, ಭದ್ರಾವತಿಯ ನ್ಯೂಟೌನ್ ಕಡೆಯ ಎರಡಂತಸ್ತಿನ ಮನೆಗಳನ್ನು ನೆನಪಿಸಿಕೊಳ್ಳಿ. ಗಿರಾಕಿ ಕಡಿಮೆ, ಪೈಪೋಟಿ ಜಾಸ್ತಿ, ಲಾಭ ತೆಳು. ಪೈಪೋಟಿಯಲ್ಲಿ ದರ ಇಳಿಸಬೇಕಾದಾಗ ಪ್ಯಾನೆಲ್ಲಿನ ಬೆಲೆ ಅಂಗಡಿಯವರ ಕೈಯಲ್ಲಿಲ್ಲ, ಇನ್ವರ್ಟರ್ ಬೆಲೆಯೂ ಇಲ್ಲ. ಕೈಯಲ್ಲಿರುವುದು ಕೂಲಿ ಮಾತ್ರ.

ಕೆಲಸ ಮಾಡುವವರು ಯಾರು?

ಸಬ್ಸಿಡಿ ಬೇಕೆಂದರೆ ಯೋಜನೆಯಲ್ಲಿ ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು. ಆದರೆ ಕಾಗದದಲ್ಲಿ ಇರುವ ಹೆಸರಿನವರೇ ತಾರಸಿ ಹತ್ತುತ್ತಾರೆ ಎಂದೇನಿಲ್ಲ. ನೋಂದಾಯಿತ ಸಂಸ್ಥೆ ಆರ್ಡರ್ ಹಿಡಿಯುತ್ತದೆ. ಫಿಟ್ಟಿಂಗ್ ಕೆಲಸವನ್ನು ಕಿಲೋವ್ಯಾಟ್‌ಗೆ ಇಷ್ಟು ಎಂದು ಒಬ್ಬ ಮೇಸ್ತ್ರಿಗೆ ವಹಿಸುತ್ತದೆ. ಮೇಸ್ತ್ರಿ ಇಬ್ಬರು ಮೂವರು ಹುಡುಗರನ್ನು ದಿನಗೂಲಿಗೆ ಕರೆತರುತ್ತಾರೆ. ಒಬ್ಬ ಐಟಿಐ ಎಲೆಕ್ಟ್ರಿಷಿಯನ್, ಒಬ್ಬ ವೆಲ್ಡರ್, ಒಬ್ಬ ಸಾಮಾನು ಹೊರುವವ. ಬೆಳಿಗ್ಗೆ ಭದ್ರಾವತಿಯಿಂದ ಬೈಕಿನಲ್ಲಿ ಹೊರಟು ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಂದು, ಕೆಲಸ ಮುಗಿಸಿ, ರಾತ್ರಿ ವಾಪಸು. ನಾಳೆ ಬೇರೆ ಮನೆ. ಕೆಲವೊಮ್ಮೆ ಬೇರೆ ಸಂಸ್ಥೆಯ ಕೆಲಸ.

ಭದ್ರಾವತಿಯವರಿಗೆ ಕಾರ್ಮಿಕ ಕಾನೂನು ಹೊಸದಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದ ಕಾರ್ಖಾನೆ, ಇವೆರಡರ ನೆರಳಲ್ಲೇ ಬೆಳೆದ ಊರು ಅದು. ಪಿಎಫ್, ಗ್ರ್ಯಾಚ್ಯುಟಿ, ಗುತ್ತಿಗೆ ಕಾರ್ಮಿಕರ ಕಾಯಂ ಪ್ರಶ್ನೆ ಅಲ್ಲಿ ಮನೆಮಾತು. ಕಾರ್ಖಾನೆಗೆ ಸ್ವಂತ ಆಸ್ಪತ್ರೆಯೇ ಇತ್ತು. ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ನಿರ್ಧಾರವನ್ನು ಸೈಲ್ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಕೆಲಸ ಸಿಗದ ಮುಂದಿನ ತಲೆಮಾರಿನ ಐಟಿಐ ಹುಡುಗರಿಗೆ ಇಂಥ ಫಿಟ್ಟಿಂಗ್ ಕೆಲಸ ಒಂದು ದಾರಿ. ಅಪ್ಪನಿಗೆ ಗೇಟಿನ ಒಳಗೆ ಸಿಕ್ಕ ರಕ್ಷಣೆ ಮಗನಿಗೆ ತಾರಸಿಯ ಮೇಲೆ ಸಿಗುತ್ತದೆಯೇ ಎಂಬುದೇ ಇಲ್ಲಿರುವ ಪ್ರಶ್ನೆ.

ಕೆಲಸ ಎಷ್ಟು ಅಪಾಯದ್ದು?

ಪ್ಯಾನೆಲ್ ಅಂಟಿಸುವುದು ಡಿಶ್ ಆಂಟೆನಾ ಕೂರಿಸಿದ ಹಾಗೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೂರು ಕಿಲೋವ್ಯಾಟ್ ಎಂದರೆ ಸುಮಾರು ಆರು ದೊಡ್ಡ ಪ್ಯಾನೆಲ್. ಒಂದೊಂದೂ 27-28 ಕೆ.ಜಿ. ತೂಕ, ಎರಡೂವರೆ ಚದರ ಮೀಟರ್ ಅಗಲದ ಹಲಗೆ. ಇದನ್ನು ಎತ್ತಿ ಹಿಡಿದಾಗ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸಿತೆಂದರೆ ಸುಮಾರು 15 ಕೆ.ಜಿ.ಯಷ್ಟು ಬಲ ಪಕ್ಕದಿಂದ ತಳ್ಳುತ್ತದೆ. ಗಾಳಿಪಟ ಹಿಡಿದವರೇ ಗಾಳಿಪಟದ ಜೊತೆ ಹೋಗುವ ಪರಿಸ್ಥಿತಿ.

ಹನ್ನೊಂದು ಹನ್ನೆರಡು ಅಡಿ ಎತ್ತರದ ತಾರಸಿಯಿಂದ ಬಿದ್ದವರು ಒಂದು ಸೆಕೆಂಡಿಗೂ ಮೊದಲೇ ನೆಲ ಸೇರುತ್ತಾರೆ. ಆಗಿನ ವೇಗ ಗಂಟೆಗೆ ಸುಮಾರು 30 ಕಿ.ಮೀ. ಮೊದಲ ಮಹಡಿಯ ಮೇಲಿನ ತಾರಸಿಯಾದರೆ 40 ದಾಟುತ್ತದೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಗೋಡೆಗೆ ಗುದ್ದಿದಂತೆ. ಜೊತೆಗೆ ನಮ್ಮ ಮಲೆನಾಡಿನ ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರಸಿ ಪಾಚಿ ಕಟ್ಟಿರುತ್ತದೆ. ಹಳೇ ಮನೆಗಳ ಹೆಂಚು, ಸಿಮೆಂಟ್ ಶೀಟುಗಳು ನೋಡಲು ಗಟ್ಟಿ, ಕಾಲಿಟ್ಟರೆ ಮುರಿಯುತ್ತವೆ.

ವಿದ್ಯುತ್ತಿನದು ಇನ್ನೊಂದು ಕಥೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಮನೆಯ ಲೈನು ಸತ್ತುಹೋಗುತ್ತದೆ. ಆದರೆ ಬಿಸಿಲು ಬೀಳುತ್ತಿರುವ ಪ್ಯಾನೆಲ್ಲಿಗೆ ಆಫ್ ಸ್ವಿಚ್ ಎಂಬುದಿಲ್ಲ. ಒಂದು ಪ್ಯಾನೆಲ್ಲಿನ ತೆರೆದ ತುದಿಗಳಲ್ಲಿ ಸುಮಾರು 50 ವೋಲ್ಟ್. ಆರನ್ನು ಸರಣಿಯಲ್ಲಿ ಜೋಡಿಸಿದರೆ 300 ವೋಲ್ಟ್ ಡಿಸಿ. ಮನೆಯ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ, ಹಾಗಾಗಿ ಕಿಡಿ ಹೊತ್ತಿದರೂ ಆರಲು ಅವಕಾಶವಿರುತ್ತದೆ. ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಉರಿಯುತ್ತಲೇ ಇರುತ್ತದೆ. ತಾರಸಿಯ ಅಂಚಿನಲ್ಲಿ ನಿಂತವರಿಗೆ ಸಣ್ಣ ಶಾಕ್ ಹೊಡೆದರೂ ಸಾಕು, ಸಾಯಿಸುವುದು ಶಾಕ್ ಅಲ್ಲ, ಅದರಿಂದಾದ ಬೀಳು.

ತಲೆ ಎಣಿಸುವ ಕಾನೂನು

ನಮ್ಮ ಕಾರ್ಮಿಕ ಕಾನೂನುಗಳಲ್ಲಿ ಬಹುಪಾಲು ಮೊದಲು ಕೇಳುವ ಪ್ರಶ್ನೆ ಕೆಲಸ ಎಷ್ಟು ಅಪಾಯದ್ದು ಎಂದಲ್ಲ, ಎಷ್ಟು ಜನ ಇದ್ದೀರಿ ಎಂದು. ಇಎಸ್‌ಐಗೆ 10 ಜನ. ಪಿಎಫ್‌ಗೆ 20. ಗ್ರ್ಯಾಚ್ಯುಟಿಗೆ 10. ಗುತ್ತಿಗೆ ಕಾರ್ಮಿಕರ ಕಾನೂನಿಗೆ ಮೊದಲು 20 ಇತ್ತು, ಈಗ 50. ಐದಾರು ಜನರ ಸೋಲಾರ್ ಅಂಗಡಿ ಈ ಬಲೆಗಳೆಲ್ಲದರ ಕಣ್ಣಿನಿಂದ ಕೆಳಗೆ ಜಾರುತ್ತದೆ.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಎಂಬ ಈ ನಾಲ್ಕು 29 ಹಳೆಯ ಕಾನೂನುಗಳ ಜಾಗಕ್ಕೆ ಬಂದಿವೆ. ಹೊಸ ನಿಯಮಗಳು ಪೂರ್ತಿ ನೆಲೆಗೊಳ್ಳುವ ತನಕ ಹಳೆಯ ನಿಯಮಗಳು, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ, ಮುಂದುವರಿಯುತ್ತವೆ. ಆಗಲೇ ಶುರುವಾಯಿತು ಫಾರ್ವರ್ಡುಗಳ ಸುರಿಮಳೆ.

ಅದರಲ್ಲಿ ಹೆಚ್ಚು ಹರಿದಾಡಿದ ಮಾತು, ಇನ್ನು ಮುಂದೆ ಪ್ರತಿಯೊಬ್ಬ ಕೆಲಸಗಾರರಿಗೂ ನೇಮಕಾತಿ ಪತ್ರ ಕಡ್ಡಾಯ ಎಂಬುದು. ಸರ್ಕಾರದ ಪ್ರಕಟಣೆಯೂ ಹಾಗೆಯೇ ಹೇಳಿತು. ಆದರೆ ಪತ್ರ ಕೊಡಬೇಕೆಂಬ ಕರ್ತವ್ಯ ಇರುವುದು ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ. ಆ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಜಾಗವನ್ನೇ ಸಂಸ್ಥೆ ಎಂದು ಕರೆಯುತ್ತದೆ. ಆರು ಜನರ ಅಂಗಡಿಯ ಫಿಟ್ಟರ್ ಕೈಗೆ ಈ ಪತ್ರ ತಾನಾಗಿ ಬಂದು ಬೀಳುವುದಿಲ್ಲ. ಅಪಾಯಕಾರಿ ಕೆಲಸವೆಂದು ಅಧಿಸೂಚನೆ ಹೊರಡಿಸಿದರೆ ಒಬ್ಬರೇ ಇದ್ದರೂ ಇಎಸ್‌ಐ ಅನ್ವಯಿಸಲು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವಕಾಶವಿದೆ. ಎತ್ತರದಲ್ಲಿ ಮಾಡುವ ಸೋಲಾರ್ ಕೆಲಸವನ್ನು ಆ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಸಣ್ಣ ಅಂಗಡಿಗೆ ಯಾವ ಕಾನೂನೂ ಇಲ್ಲವೇ? ಇದೆ. ವೇತನ ಸಂಹಿತೆಗೆ ತಲೆ ಎಣಿಕೆ ಇಲ್ಲ. ಒಬ್ಬರೇ ಕೆಲಸಗಾರರಿದ್ದರೂ ಕನಿಷ್ಠ ವೇತನ ಕೊಡಬೇಕು, ಹೆಚ್ಚುವರಿ ಗಂಟೆಗೆ ಎರಡರಷ್ಟು ಕೊಡಬೇಕು. ದಿನಗೂಲಿಯನ್ನು ಆ ದಿನದ ಪಾಳಿ ಮುಗಿದಾಗಲೇ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ಮೆಸ್ಕಾಂ ಮೀಟರ್ ಹಾಕಿದ ಮೇಲೆ, ಗಿರಾಕಿ ಕೊನೆಯ ಕಂತು ಕೊಟ್ಟ ಮೇಲೆ ನಿಮ್ಮ ಲೆಕ್ಕ ಎಂದು ಫಿಟ್ಟರ್‌ಗಳನ್ನು ಕಾಯಿಸುವುದು ನಮ್ಮೂರುಗಳ ರೂಢಿ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಪರಿಹಾರ

ಎಲ್ಲಕ್ಕಿಂತ ಮುಖ್ಯವಾದ, ಯಾರ ಫಾರ್ವರ್ಡಿನಲ್ಲೂ ಕಾಣದ ಕಾನೂನು ಇದು. 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ. ಭದ್ರಾವತಿ ಕಾರ್ಖಾನೆಯ ಓರಗೆಯದು. ಅದರ ತಿರುಳು ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಇದಕ್ಕೂ ತಲೆ ಎಣಿಕೆ ಇಲ್ಲ. ಅನ್ವಯಿಸುವ ಕೆಲಸಗಳ ಪಟ್ಟಿಯಲ್ಲಿ ಕಟ್ಟಡದ ಕೆಲಸವನ್ನು ಅದು ಅಳೆಯುವುದು ಎತ್ತರದಿಂದ: ಒಂದಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡ, ಅಥವಾ ನೆಲದಿಂದ ಮಾಡಿನ ತುದಿಗೆ ಹನ್ನೆರಡು ಅಡಿ ಇರುವ ಕಟ್ಟಡ. ನೂರು ವರ್ಷದ ಹಿಂದೆ ಬರೆದವರಿಗೆ ಸೋಲಾರ್ ಪ್ಯಾನೆಲ್ ಕನಸಿನಲ್ಲೂ ಗೊತ್ತಿರಲಿಲ್ಲ. ಆದರೂ ಬೀಳುವವರ ಅಳತೆ ಗೊತ್ತಿತ್ತು.

ಲೆಕ್ಕ ಹೀಗಿದೆ. ಸಾವಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಶಾಶ್ವತವಾಗಿ ಕೆಲಸ ಮಾಡಲಾಗದ ಸ್ಥಿತಿ ಬಂದರೆ ಅರ್ಧದ ಬದಲು ಶೇ. 60. 2020ರ ಜನವರಿಯ ಅಧಿಸೂಚನೆಯಂತೆ ಈ ಲೆಕ್ಕಕ್ಕೆ ವೇತನವನ್ನು ಗರಿಷ್ಠ 15,000 ರೂ. ಎಂದು ಹಿಡಿಯಲಾಗುತ್ತದೆ. ತಿಂಗಳಿಗೆ 18,000 ರೂ. ದುಡಿಯುವ 30 ವರ್ಷದ ಫಿಟ್ಟರ್ ಒಬ್ಬರನ್ನು ಊಹಿಸಿಕೊಳ್ಳಿ. 15,000ದ ಅರ್ಧ 7,500; ಮೂವತ್ತರ ಗುಣಕ 207.98. ಗುಣಿಸಿದರೆ 15,59,850 ರೂ. ವಯಸ್ಸು 25 ಆಗಿದ್ದರೆ 16,26,825 ರೂ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಅಸಲಿನ ಅರ್ಧದವರೆಗೆ ದಂಡ.

ಹದಿನೈದೂವರೆ ಲಕ್ಷ! ಐದಾರು ಜನರ ಅಂಗಡಿ ಇಷ್ಟನ್ನು ಎಲ್ಲಿಂದ ತರಬೇಕು? ತರಲಾರದು. ಅದಕ್ಕೇ ವಿಮೆ ಇದೆ. ನೌಕರರ ನಷ್ಟ ಪರಿಹಾರ ಪಾಲಿಸಿ, ಮಾರುಕಟ್ಟೆಯಲ್ಲಿ ಡಬ್ಲ್ಯೂಸಿ ಪಾಲಿಸಿ ಎಂದು ಕರೆಯುತ್ತಾರೆ, ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಹೆಸರಿಟ್ಟು ಕಾಯಂ ನೌಕರರಿಗೆ ಮಾತ್ರವಲ್ಲ, ಗುತ್ತಿಗೆ ಆಳುಗಳನ್ನೂ ಸೇರಿಸಿ ಮಾಡಿಸಬಹುದು. ಇದನ್ನು ಮಾಡಿಸದ ಅಂಗಡಿ ಒಂದೇ ಅಪಘಾತಕ್ಕೆ ಮುಳುಗುತ್ತದೆ, ಅಂಗಡಿ ಮುಳುಗಿದರೆ ಬಿದ್ದವರ ಮನೆಯವರ ಕೈಗೆ ಬರುವುದು ಆದೇಶದ ಕಾಗದ ಮಾತ್ರ.

ಬೆಲ್ಟ್ ಹಾಕಿಕೊಳ್ಳಲಿಲ್ಲ, ಅದು ಅವನದೇ ತಪ್ಪು ಎಂಬ ಮಾತು ಪ್ರತಿ ಅಪಘಾತದ ನಂತರ ಬರುತ್ತದೆ. ಕುಡಿದು ಕೆಲಸ ಮಾಡಿದ್ದು, ಬೇಕೆಂದೇ ಸುರಕ್ಷತಾ ಸೂಚನೆ ಮೀರಿದ್ದು ಇಂಥ ಕಾರಣಗಳು ಸಣ್ಣಪುಟ್ಟ ಗಾಯಕ್ಕೆ ಪರಿಹಾರ ತಪ್ಪಿಸಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ವಾದ ನಡೆಯುವುದಿಲ್ಲ.

ಮೇಸ್ತ್ರಿ, ಸಂಸ್ಥೆ, ಮನೆಯವರು: ಮೂವರಲ್ಲಿ ಯಾರು?

ನೋಂದಾಯಿತ ಸಂಸ್ಥೆ ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಮೇಸ್ತ್ರಿಗೆ ಕೊಟ್ಟಿದ್ದರೆ, ಮೇಸ್ತ್ರಿಯ ಆಳು ಬಿದ್ದಾಗ ಪರಿಹಾರವನ್ನು ಆ ಸಂಸ್ಥೆಯಿಂದಲೇ ಕೇಳಬಹುದು. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳುವುದು ಸಂಸ್ಥೆಯ ಪಾಡು. ಅವರು ನಮ್ಮ ಹುಡುಗರಲ್ಲ, ಸಬ್ ಕಾಂಟ್ರಾಕ್ಟ್ ಎಂದು ಕೈತೊಳೆದುಕೊಳ್ಳುವಂತಿಲ್ಲ. ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿದ್ದು ಬಿದ್ದದ್ದು ಶಿವಮೊಗ್ಗದ ಮನೆಯಿಂದಾದರೂ, ಆ ತಾರಸಿ ಸಂಸ್ಥೆ ಕೆಲಸ ಒಪ್ಪಿಕೊಂಡ ಜಾಗವೇ.

ಮನೆಯವರು? ಮನೆಗೆ ಸೋಲಾರ್ ಹಾಕಿಸುವುದು ನಿಮ್ಮ ವ್ಯಾಪಾರವಲ್ಲ. ಸಂಸ್ಥೆಯೊಂದಕ್ಕೆ ಪೂರ್ತಿ ಕೆಲಸ ವಹಿಸಿದ್ದರೆ ಈ ಪರಿಹಾರದ ಹೊಣೆ ನಿಮ್ಮ ತಲೆಗೆ ಬರುವುದಿಲ್ಲ. ಜೈಲಿನ ಮಾತು ಬೇರೆ ಕಾನೂನಿನದು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೆ ನಿಮ್ಮದೇ ನಿರ್ಲಕ್ಷ್ಯ ಸಾಬೀತಾಗಬೇಕು. ತಾರಸಿಯ ಮೂಲೆಯಲ್ಲಿ ಜೀವಂತ ವೈರ್ ತೂಗುತ್ತಿರುವುದು ಗೊತ್ತಿದ್ದೂ ಹೇಳದಿರುವುದು, ಶೀಟು ಕೊಳೆತಿದೆ ಎಂದು ತಿಳಿದೂ ಹತ್ತಿಸುವುದು ಇಂಥವು. ಪೊಲೀಸರು ಮೊದಲ ದಿನ ವಿಚಾರಣೆಗೆ ಕರೆದ ಮಾತ್ರಕ್ಕೆ ಶಿಕ್ಷೆಯಾಯಿತು ಎಂದಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಅಗ್ಗವಾಗಲಿ ಎಂದು ಪ್ಯಾನೆಲ್ ನೀವೇ ಕೊಂಡುತಂದು, ದಿನಗೂಲಿ ಮಾತಾಡಿ, ಹೀಗೆ ಹಾಕಿ ಹಾಗೆ ಹಾಕಿ ಎಂದು ನೀವೇ ನಿಂತು ಕೆಲಸ ಮಾಡಿಸಿದಿರಿ ಎನ್ನಿ. ಆಗ ಉದ್ಯೋಗದಾತ ಯಾರು ಎಂಬ ಪ್ರಶ್ನೆಗೆ ಉತ್ತರ ನೀವೇ ಆಗಬಹುದು. ಸಬ್ಸಿಡಿಯೂ ಇಲ್ಲ, ಈ ತಲೆನೋವೂ ಇದೆ.

ಶೇ. 1ರ ಸೆಸ್ ಕಟ್ಟಬೇಕೆ?

ಸೋಲಾರ್ ಹಾಕಿಸಿದ ಮನೆಯವರು ಕಾರ್ಮಿಕ ಸೆಸ್ ಕಟ್ಟಬೇಕೆಂಬ ಗುಮಾನಿಯೂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಇರುವುದು ನಿಜ. ಆದರೆ ಸ್ವಂತ ವಾಸದ ಮನೆಗೆ ಹಳೆಯ 1996ರ ಕಾಯ್ದೆಯಲ್ಲಿ 10 ಲಕ್ಷ ರೂ.ವರೆಗೆ ವಿನಾಯಿತಿ ಇತ್ತು, ಹೊಸ ಸಂಹಿತೆಯಲ್ಲಿ ಅದು 50 ಲಕ್ಷಕ್ಕೆ ಏರಿದೆ. ಮೂರು ಕಿಲೋವ್ಯಾಟ್ ಸೋಲಾರ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಮನೆಯವರಿಗೆ ಇದು ಒಳ್ಳೆಯ ಸುದ್ದಿ. ಫಿಟ್ಟರ್‌ಗೆ ಅಷ್ಟು ಒಳ್ಳೆಯದಲ್ಲ, ಯಾಕೆಂದರೆ ಅದೇ ವಿನಾಯಿತಿ ಅವರ ಕೆಲಸದ ಜಾಗವನ್ನು ಕಟ್ಟಡ ಕಾನೂನಿನ ಸುರಕ್ಷತಾ ನಿಯಮಗಳಿಂದಲೂ ಹೊರಗಿಡುತ್ತದೆ. ಆದರೂ ವ್ಯಕ್ತಿಯಾಗಿ ಒಂದು ದಾರಿ ಉಳಿದಿದೆ: ಎಲೆಕ್ಟ್ರಿಷಿಯನ್, ವೆಲ್ಡರ್‌ಗಳು ಹಲವು ಕಟ್ಟಡಗಳಲ್ಲಿ ದುಡಿದು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, 18ರಿಂದ 60ರ ವಯಸ್ಸಿನವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತ, ವೈದ್ಯಕೀಯ, ಮಕ್ಕಳ ಓದಿನ ನೆರವು ಅಲ್ಲಿವೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ರೂ. ಕೊಡುತ್ತದೆ. ಯಾರ ಆಳೂ ಅಲ್ಲದೆ ಒಬ್ಬರೇ ಕೆಲಸ ಹಿಡಿದು ಮಾಡುವ ಎಲೆಕ್ಟ್ರಿಷಿಯನ್‌ಗೆ ಪರಿಹಾರ ಕೊಡಲು ಉದ್ಯೋಗದಾತರೇ ಇಲ್ಲವಾದ್ದರಿಂದ, ಅವರಿಗೆ ಇವೇ ಗತಿ.

ಅಂಗಡಿಯವರ ಕಡೆಯಿಂದ ನೋಡಿದರೆ

ಕಾರ್ಮಿಕ ಕಾನೂನು ಸಣ್ಣ ವ್ಯಾಪಾರವನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 11 ಜನರ ಅಂಗಡಿ, ತಲಾ 18,000 ರೂ. ವೇತನ, ತಿಂಗಳಿಗೆ ನಾಲ್ಕು ಮನೆ ಎಂದುಕೊಳ್ಳಿ. ಇಎಸ್‌ಐಗೆ ಉದ್ಯೋಗದಾತರ ಪಾಲು ಶೇ. 3.25, ಅಂದರೆ ತಲೆಗೆ 585 ರೂ.; ಕೆಲಸಗಾರರ ಪಾಲು ಶೇ. 0.75, ಅಂದರೆ 135 ರೂ. ಅಂಗಡಿಗೆ ತಿಂಗಳಿಗೆ ಒಟ್ಟು 6,435 ರೂ. ಒಂದು ಮನೆಗೆ ಹಂಚಿದರೆ ಸುಮಾರು 1,600 ರೂ. ಸರ್ಕಾರ ಸಬ್ಸಿಡಿ ಲೆಕ್ಕಕ್ಕೆ ಹಿಡಿದ ದರದಲ್ಲಿ ಮೂರು ಕಿಲೋವ್ಯಾಟ್‌ಗೆ 1,45,000 ರೂ. ಆಗುತ್ತದೆ. ಅದರಲ್ಲಿ ಇದು ನೂರಕ್ಕೆ ಒಂದು ರೂಪಾಯಿ ಚಿಲ್ಲರೆ. ಇದಕ್ಕೆ ಬದಲಾಗಿ ಕೆಲಸಗಾರರ ಇಡೀ ಕುಟುಂಬಕ್ಕೆ ಚಿಕಿತ್ಸೆ, ರಜೆಯಲ್ಲಿದ್ದಾಗ ಭತ್ಯೆ, ಅಪಘಾತವಾದರೆ ಪಿಂಚಣಿ. ಪರಿಹಾರ ಕೊಡುವ ಹೊರೆಯೂ ಅಂಗಡಿಯ ತಲೆಯಿಂದ ಇಎಸ್‌ಐ ನಿಗಮದ ತಲೆಗೆ ಹೋಗುತ್ತದೆ. ಇದು ದುಬಾರಿ ಎಂದು ನಮಗೆ ಅನಿಸುವುದಿಲ್ಲ.

ಪಿಎಫ್ ವಿಷಯ ಹಾಗಲ್ಲ. 19 ಜನರಿದ್ದಾಗ ಏನೂ ಇಲ್ಲ. ಇಪ್ಪತ್ತನೆಯವರು ಸೇರಿದ ತಿಂಗಳೇ 15,000 ರೂ. ವೇತನದ ಮೇಲೆ ಆಡಳಿತ ಶುಲ್ಕ ಸೇರಿ ತಲೆಗೆ ಸುಮಾರು 1,950 ರೂ., ಇಪ್ಪತ್ತು ಜನಕ್ಕೆ 39,000 ರೂ. ಒಬ್ಬರನ್ನು ಸೇರಿಸಿಕೊಂಡದ್ದಕ್ಕೆ ಇಪ್ಪತ್ತು ಜನರ ಲೆಕ್ಕ ಶುರು. ಬೆಳೆಯುವ ಅಂಗಡಿ 19ರಲ್ಲೇ ನಿಂತು ಉಳಿದ ಕೆಲಸ ಮೇಸ್ತ್ರಿಗಳಿಗೆ ಹಂಚುವುದಕ್ಕೆ, ಅಥವಾ ಅಣ್ಣನ ಹೆಸರಿನಲ್ಲೊಂದು ಹೆಂಡತಿ ಹೆಸರಿನಲ್ಲೊಂದು ಬೋರ್ಡ್ ಹಾಕುವುದಕ್ಕೆ ಇದೇ ಕಾರಣ. ಆದರೆ ಇದು ಜಾಣತನ ಎಂದು ಭಾವಿಸಬೇಡಿ: ಇಎಸ್‌ಐ, ಪಿಎಫ್ ಎರಡರಲ್ಲೂ ಗುತ್ತಿಗೆ ಆಳುಗಳು ಎಣಿಕೆಗೆ ಬರುತ್ತಾರೆ. ಪುಸ್ತಕದಲ್ಲಿ ನಾಲ್ಕೇ ಹೆಸರು ಬರೆದರೆ ನಾಲ್ಕೇ ಜನ ಎಂದಾಗುವುದಿಲ್ಲ.

ನಿಜವಾಗಿ ಪೆಟ್ಟು ತಿನ್ನುವುದು ನಿಯಮ ಪಾಲಿಸುವ ಅಂಗಡಿ. ಇಎಸ್‌ಐ ಕಟ್ಟಿ, ವಿಮೆ ಮಾಡಿಸಿ, ಹಾರ್ನೆಸ್ ಕೊಟ್ಟು, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಕೈಲಿ ವೈರಿಂಗ್ ಮಾಡಿಸುವವರ ಕೊಟೇಶನ್ ನಾಲ್ಕೈದು ಸಾವಿರ ಜಾಸ್ತಿ ಇರುತ್ತದೆ. ಪಕ್ಕದವರು ಇದ್ಯಾವುದೂ ಇಲ್ಲದೆ ಕಡಿಮೆ ಹೇಳುತ್ತಾರೆ. ನಾವು ಗಿರಾಕಿಗಳು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಕೊನೆಯ ಸಾಲಿನ ಮೊತ್ತ ಮಾತ್ರ ನೋಡುತ್ತೇವೆ. ತಪಾಸಣೆಯೂ ಅಷ್ಟಕ್ಕಷ್ಟೇ. ಕಾರ್ಖಾನೆಗಾದರೆ ಗೇಟು ಇದೆ, ಹಾಜರಿ ಪುಸ್ತಕ ಇದೆ, ನಿರೀಕ್ಷಕರು ಹೋಗಿ ನೋಡಬಹುದು. ಇಂದು ಜನ್ನಾಪುರದ ತಾರಸಿ, ನಾಳೆ ವಿದ್ಯಾನಗರದ ತಾರಸಿ ಎಂದು ಓಡಾಡುವ ಮೂವರನ್ನು ಯಾರು ಎಲ್ಲಿ ಹುಡುಕಬೇಕು? ಮೆಸ್ಕಾಂ ಸಿಬ್ಬಂದಿ ಬರುವುದು ಮೀಟರ್ ಮತ್ತು ಜೋಡಣೆ ನೋಡಲು, ಹಗ್ಗ ಕಟ್ಟಿದ್ದರೇ ಎಂದು ನೋಡಲು ಅಲ್ಲ. ಅವರು ಬರುವಷ್ಟರಲ್ಲಿ ಹತ್ತಿದವರು ಇಳಿದಾಗಿರುತ್ತದೆ.

ಹೀಗಿರುವಾಗ ಸದ್ಯಕ್ಕೆ ಒಬ್ಬರೇ ನಿರೀಕ್ಷಕರು: ಮನೆಯವರು. ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಬಹುದು. ಕೆಲಸಗಾರರಿಗೆ ಇಎಸ್‌ಐ ಇದೆಯೇ, ಇಲ್ಲದಿದ್ದರೆ ಡಬ್ಲ್ಯೂಸಿ ಪಾಲಿಸಿ ಇದೆಯೇ, ಅದರ ಪ್ರತಿ ಕೊಡಿ. ಅವಧಿ ಮುಗಿದಿಲ್ಲವೇ ನೋಡಿ. ಬರುವವರು ನಿಮ್ಮ ನೌಕರರೇ, ಮೇಸ್ತ್ರಿಯ ಆಳುಗಳೇ, ಪಾಲಿಸಿಯಲ್ಲಿ ಅವರೂ ಸೇರಿದ್ದಾರೆಯೇ. ಅಪಘಾತವಾದರೆ ಹೊಣೆ ಸಂಸ್ಥೆಯದು ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಯಿರಿ. ಇದಕ್ಕೆ ಹಿಂಜರಿಯುವ ಅಂಗಡಿ ನಾಳೆ ಐದು ವರ್ಷದ ನಿರ್ವಹಣೆಗೆ ಬರುತ್ತದೆಂದು ನಂಬುವುದು ಕಷ್ಟ.

ಅಪಘಾತ ಆಗಿಯೇ ಹೋದರೆ ಮೊದಲು ಆಸ್ಪತ್ರೆ. ಮೆಗ್ಗಾನ್‌ಗೆ ಕರೆದೊಯ್ದಾಗ ಕೆಲಸದ ವೇಳೆ ತಾರಸಿಯಿಂದ ಬಿದ್ದದ್ದು ಎಂದೇ ಬರೆಸಿ. ಮನೆಯ ಮೆಟ್ಟಿಲಲ್ಲಿ ಜಾರಿದ್ದು, ಬೈಕಿನಿಂದ ಬಿದ್ದದ್ದು ಎಂದು ಬರೆಸಲು ಒತ್ತಡ ಬರಬಹುದು. ಹಾಗೆ ಬರೆಸಿದ ದಿನವೇ ಪರಿಹಾರದ ಅರ್ಜಿ ಅರ್ಧ ಸತ್ತಂತೆ. ವಿಚಿತ್ರವೆಂದರೆ ಬೈಕಿನಿಂದಲೇ ಬಿದ್ದಿದ್ದರೂ ಈಗ ದಾರಿ ಪೂರ್ತಿ ಮುಚ್ಚಿಲ್ಲ. ಮನೆಯಿಂದ ಕೆಲಸದ ಜಾಗಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸಕ್ಕೂ ಅದಕ್ಕೂ ನಂಟು ತೋರಿಸಿದರೆ, ಕೆಲಸದ ಅಪಘಾತವೆಂದೇ ಹೊಸ ಸಂಹಿತೆ ಹೇಳುತ್ತದೆ. ರಾತ್ರಿ ಪ್ಯಾನೆಲ್ ಕೆಲಸ ಮುಗಿಸಿ ಮಾಚೇನಹಳ್ಳಿ ದಾಟಿ ಭದ್ರಾವತಿಗೆ ಮರಳುವ ಹುಡುಗರಿಗೆ ಇದು ಗೊತ್ತಿರಬೇಕು. ಸಂಸ್ಥೆಯವರ ಮೆಸೇಜು, ಕೂಲಿ ಹಾಕಿದ ಫೋನ್‌ಪೇ ದಾಖಲೆ, ತಾರಸಿಯಲ್ಲಿ ತೆಗೆದ ಫೋಟೊ ಇವುಗಳನ್ನು ಅಳಿಸಬೇಡಿ. ನೇಮಕಾತಿ ಪತ್ರವಿಲ್ಲದವರಿಗೆ ತಾವು ಅಲ್ಲಿ ಕೆಲಸಕ್ಕಿದ್ದೆವು ಎಂದು ತೋರಿಸಲು ಇರುವ ಸಾಕ್ಷಿ ಅದೇ. ಎಲ್ಲಿ ಅರ್ಜಿ ಹಾಕಬೇಕೆಂದು ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಕೇಳಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ವಕೀಲರ ನೆರವು ಉಚಿತ.